ಭಾವನ ಕೈಗೆ ಒಗ್ಗದ ಫೋಮು

ನನ್ನ ಭಾವ ಎಲ್ವಿಯೊ ಕಸ್ಸಾನಿ ಎಂಥ ಮನುಷ್ಯ ಎಂದು ನಮ್ಮೂರಲ್ಲಿ ಯಾರನ್ನು ಕೇಳಿದರೂ ಒಳ್ಳೆಯ ಮಾತೇ ಬರುತ್ತದೆ. ಗ್ರಾನೈಟ್ ಶೆಡ್ಡಿನಲ್ಲಿ ಇಡೀ ಆಯುಷ್ಯ ಗೋರಿಕಲ್ಲಿನ ಮೇಲೆ ಅಕ್ಷರ ಕೆತ್ತಿದವನು, ಅವನ ಸಾಲಿಗೆ ಅಳತೆಪಟ್ಟಿ ಇಟ್ಟು ನೋಡಬೇಕಾಗಿರಲಿಲ್ಲ, ಸತ್ತವರ ಮನೆಯವರ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದ, ಹೀಗೆಲ್ಲ ಹೇಳುತ್ತಾರೆ. ನನ್ನನ್ನು ಮಾತ್ರ ಕೇಳಬೇಡಿ. ಈ ಸಲದ ಅಕ್ಟೋಬರ್ ತಿಂಗಳನ್ನು ನಾನು ಅವನ ಗ್ಯಾರೇಜಿನಲ್ಲಿ ಕಳೆದಿದ್ದೇನೆ. ಸ್ವೆಟರಿಗೆಲ್ಲ ಥರ್ಮಾಕೋಲಿನ ಬಿಳಿ ಗುಂಡು ಅಂಟಿಸಿಕೊಂಡು, ತಲೆಗೂದಲಲ್ಲಿ ಗುಲಾಬಿ ಪುಡಿ ತುಂಬಿಕೊಂಡು, ಹ್ಯಾಲೋವೀನ್ ಹಬ್ಬದ ಸುಳ್ಳು ಗೋರಿಕಲ್ಲು ಕೆತ್ತುವುದಕ್ಕೆ ಯಾವ ಹತಾರ ಸರಿ ಎಂದು ಒಬ್ಬ ಹಟಮಾರಿ ಮುದುಕ ಹುಡುಕುವುದನ್ನು ನೋಡಿದ್ದೇನೆ. ನನ್ನ ತಾಳ್ಮೆ ಅವನ ಬೆಂಚಿನ ಕೆಳಗೆ ಎಲ್ಲೋ ಬಿದ್ದುಹೋಗಿದೆ. ಗುಡಿಸುವಾಗ ಸಿಕ್ಕರೆ ಕೊಡಲಿ.

ನಾನು ಕ್ಲಾದೆತ್. ಎಲ್ವಿಯೊನ ಹೆಂಡತಿ ಅರ್ಲೀನ್ ನನ್ನ ಅಕ್ಕ. ನಮ್ಮ ಮನೆ ಅವರ ಮನೆಗೆ ಅಂಟಿಕೊಂಡೇ ಇದೆ. ಅಮೆರಿಕದ ವರ್ಮಾಂಟಿನ ಈ ಊರಲ್ಲಿ ಕೆಲವರು ಬೆಟ್ಟದಿಂದ ಕಲ್ಲು ತೆಗೆಯುತ್ತಾರೆ, ಕೆಲವರು ಆ ಕಲ್ಲು ಕೆತ್ತುತ್ತಾರೆ, ಎರಡೂ ಬಾರದವರು ಅವರಿಗೆಲ್ಲ ಕಾಫಿ, ಸ್ಯಾಂಡ್‌ವಿಚ್ಚು ಮಾರುತ್ತಾರೆ. ನಾನು ಮಾರಿದವಳು. ಅಕ್ಕ ಕೆತ್ತುವವನನ್ನು ಮದುವೆಯಾದಳು. ಬೇರೆ ಊರಲ್ಲಿ ಗಂಡಸರು ಕೆಲಸದಿಂದ ನಿವೃತ್ತರಾದರೆ ದೋಣಿ ಕೊಳ್ಳುತ್ತಾರಂತೆ. ನಮ್ಮಲ್ಲಿ ಅಕ್ಷರ ಕೆತ್ತುವವರು ತಮ್ಮ ಕಲ್ಲನ್ನು ತಾವೇ ಮಾಡಿ ಮುಗಿಸುತ್ತಾರೆ. ಎಲ್ವಿಯೊನೂ ಮಾಡಿದ. ಒಂದೇ ಕಲ್ಲು, ಎಡಗಡೆ ಅವನ ಹೆಸರು, ಬಲಗಡೆ ಅಕ್ಕನ ಹೆಸರು, ಕೆಳಗೆ ಹುಟ್ಟಿದ ವರ್ಷ, ಒಂದು ಸಣ್ಣ ಅಡ್ಡಗೆರೆ, ಆಮೇಲೆ ಖಾಲಿ. ಸ್ಮಶಾನದಲ್ಲಿ ಅದನ್ನು ನಿಲ್ಲಿಸಿದ ದಿನ ಅಕ್ಕ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಹೊಸ ಕಾರಿನ ಮುಂದೆ ನಿಂತ ಹಾಗೆ ನಿಂತಿದ್ದಳು.

ಹೋದ ಫೆಬ್ರುವರಿಯಲ್ಲಿ ಅಕ್ಕ ಹೋದಳು. ಚಳಿಗೆ ನೆಲ ಗಡ್ಡೆ ಕಟ್ಟಿ ಅಗೆಯಲು ಬರುತ್ತಿರಲಿಲ್ಲ, ನಮ್ಮಲ್ಲಿ ಚಳಿಗಾಲದಲ್ಲಿ ಹೋದವರು ವಸಂತದವರೆಗೆ ಕಾಯಬೇಕು. ಮೇ ತಿಂಗಳಲ್ಲಿ ಮಣ್ಣು ಮೆತ್ತಗಾದ ಮೇಲೆ ಮಣ್ಣು ಮಾಡಿದೆವು. ಕಲ್ಲಿನ ಮೇಲೆ ಮಾತ್ರ ಅಡ್ಡಗೆರೆಯ ಆಚೆ ಖಾಲಿಯೇ ಉಳಿಯಿತು. ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಹೂ ತೆಗೆದುಕೊಂಡು ಹೋಗುತ್ತೇನೆ, ಆ ಖಾಲಿ ಜಾಗ ನೋಡುತ್ತೇನೆ, ಮೈ ಉರಿಯುತ್ತದೆ. ಅಕ್ಕ ಇನ್ನೂ ಹೊರಟಿಲ್ಲ, ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ ಅನ್ನುವ ಹಾಗೆ ಅದು ಕಾಣುತ್ತದೆ. ಊರ ತುಂಬ ಕಲ್ಲುಕೆತ್ತುವವರನ್ನು ಇಟ್ಟುಕೊಂಡು ನನ್ನ ಅಕ್ಕನಿಗೆ ಒಂದು ವರ್ಷ ಕೆತ್ತಿಸಲು ಆಗಲಿಲ್ಲವಲ್ಲ ಎಂದು ನಾಚಿಕೆಯೂ ಆಗುತ್ತದೆ.

ಶೆಡ್ಡಿನವರು ಮಾಡಿಕೊಡುವುದಿಲ್ಲ ಎಂದಿರಲಿಲ್ಲ. ಮರಳು ಹೊಡೆಯುವ ಯಂತ್ರವನ್ನು ಗಾಡಿಯಲ್ಲಿ ಹೇರಿಕೊಂಡು ಸ್ಮಶಾನಕ್ಕೇ ಬಂದು, ನಾಲ್ಕು ಅಂಕಿ ಕೊರೆದು, ಊಟದ ಹೊತ್ತಿಗೆ ವಾಪಸು ಹೋಗುತ್ತಾರೆ. ಜೂನ್‌ನಲ್ಲಿ ಹಾಗೆ ಬಂದವರನ್ನು ಎಲ್ವಿಯೊ ಗೇಟಿನಿಂದಲೇ ತಿರುಗಿಸಿ ಕಳಿಸಿದ. "ಆ ಕಲ್ಲಿಗೆ ನನ್ನ ಕೈ ಬಿಟ್ರೆ ಬೇರೆ ಕೈ ತಾಗಿಲ್ಲ, ತಾಗೋದೂ ಬೇಡ" ಎಂದ. ಸರಿ, ನೀನೇ ಕೆತ್ತು ಎಂದರೆ, ಅದೂ ಇಲ್ಲ. ಏಕೆಂದರೆ ಅವನ ಕೈ ನಡುಗುತ್ತದೆ. ಕೆಲವು ವರ್ಷಗಳಿಂದ ಶುರುವಾಗಿದೆ. ಸುಮ್ಮನೆ ಕೂತಾಗ ಇಲ್ಲ, ಏನಾದರೂ ನಾಜೂಕಾಗಿ ಮಾಡಲು ಹೋದರೆ ಬರುತ್ತದೆ. ಚಮಚದಲ್ಲಿ ಸೂಪು ಎತ್ತಿದರೆ ಅರ್ಧ ಬಟ್ಟಲಿಗೇ ವಾಪಸು. ಗುಂಡಿ ಹಾಕುವ ಅಂಗಿ ಬಿಟ್ಟು ತಲೆಯ ಮೇಲಿಂದ ಎಳೆದುಕೊಳ್ಳುವ ಅಂಗಿಗೆ ಬಂದಿದ್ದಾನೆ. ಡಾಕ್ಟರು ವಯಸ್ಸಿನದು ಎಂದು ಒಂದು ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು, ನಡುಕ ಹೋಗಲಿಲ್ಲ.

ಹೀಗಿರುವಾಗ ಹ್ಯಾಲೋವೀನ್ ಬಂತು. ಅಕ್ಟೋಬರ್ ಕೊನೆಗೆ ಮನೆ ಮುಂದೆಲ್ಲ ಸುಳ್ಳು ಗೋರಿ, ಅಸ್ಥಿಪಂಜರ ನಿಲ್ಲಿಸುವ, ಮಕ್ಕಳು ದೆವ್ವದ ವೇಷ ಹಾಕಿ ಮಿಠಾಯಿ ಕೇಳಲು ಬರುವ ಹಬ್ಬ.

ಇದರ ಹಿಂದೆ ಅಕ್ಕನ ತಮಾಷೆಯಿದೆ. ಗಂಡ ಹಗಲೆಲ್ಲ ನಿಜವಾದ ಗೋರಿಕಲ್ಲು ಕೆತ್ತಿ ಬರುತ್ತಿದ್ದ. ಹೆಂಡತಿ ಅಗ್ಗದ ಅಂಗಡಿಯಿಂದ ಫೋಮಿನ ಗೋರಿಕಲ್ಲು ತಂದು ಮನೆಯ ಮುಂದಿನ ಹುಲ್ಲಿನಲ್ಲಿ ನೆಡುತ್ತಿದ್ದಳು. ಅವನು ಗೊಣಗುತ್ತಿದ್ದ, ಅವಳು ಇನ್ನೊಂದು ತರುತ್ತಿದ್ದಳು. ಅವನ ಗೊಣಗಾಟ ಕೇಳುವುದಕ್ಕೇ ತರುತ್ತಿದ್ದಳು ಎಂದು ನನ್ನ ಅನುಮಾನ. ಈ ಸಲ ನೆಲಮಾಳಿಗೆಗೆ ಇಳಿದು ಪೆಟ್ಟಿಗೆ ತೆಗೆದರೆ ಇಲಿಗಳು ಅಷ್ಟನ್ನೂ ಕಡಿದು ಗೂಡು ಮಾಡಿಕೊಂಡಿದ್ದವು. ನಾನು ಒಳ್ಳೆಯದೇ ಆಯಿತು, ಈ ವರ್ಷ ಬಿಡೋಣ ಎಂದೆ. ಸೂತಕದ ಮನೆಗೆ ಇದೆಲ್ಲ ಯಾಕೆ?

ಎಲ್ವಿಯೊ ಇಲಿ ಕಡಿದ ಚೂರೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ.

"ನಾನೇ ಮಾಡ್ತೀನಿ" ಎಂದ.

"ಏನು ಮಾಡ್ತೀಯ?"

"ಕಲ್ಲು. ಫೋಮಲ್ಲಿ. ಮೆತ್ತಗಿರುತ್ತೆ, ಭಾರ ಇಲ್ಲ. ಅಕ್ಷರ ಕೆತ್ತಿ ನೋಡ್ತೀನಿ. ಇದರ ಮೇಲೆ ಕೈ ನಿಂತ್ರೆ, ನೆಲ ಗಡ್ಡೆ ಕಟ್ಟೋದ್ರೊಳಗೆ ಅರ್ಲೀನ್ ಕಲ್ಲಿಗೆ ಹೋಗ್ತೀನಿ. ನಿಲ್ಲಲಿಲ್ಲ ಅಂದ್ರೆ ನೀನು ಶೆಡ್ಡಿಗೆ ಫೋನ್ ಮಾಡು. ಆಮೇಲೆ ನಾನು ಬಾಯಿ ತೆಗೆಯಲ್ಲ."

ಇಷ್ಟು ಸ್ಪಷ್ಟವಾಗಿ ಅವನು ಆರು ತಿಂಗಳಲ್ಲಿ ಮಾತಾಡಿರಲಿಲ್ಲ. ನಾನು ಒಪ್ಪಿಕೊಂಡೆ. ಒಪ್ಪಿಕೊಂಡಿದ್ದಕ್ಕೆ ತಿಂಗಳಿಡೀ ಹಣೆ ಚಚ್ಚಿಕೊಂಡೆ.

ಮೊದಲನೆಯ ದಿನ ಅವನು ಯಾರದೋ ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಂದ ದಪ್ಪ ಥರ್ಮಾಕೋಲನ್ನು ಬೆಂಚಿನ ಮೇಲೆ ಇಟ್ಟು, ಶೆಡ್ಡಿನ ಚರ್ಮದ ಚೀಲ ಬಿಚ್ಚಿ, ಚಾಣ, ಸುತ್ತಿಗೆ ತೆಗೆದ. ನಾನು ಬಾಯಿ ಬಿಡುವುದರೊಳಗೆ ಒಂದು ಏಟು ಬಿತ್ತು. ಚಾಣ ಥರ್ಮಾಕೋಲನ್ನು ದಾಟಿ ಬೆಂಚಿನ ಮರಕ್ಕೆ ನೆಟ್ಟಿತು. ಮೇಲೆ ಅಕ್ಷರವಿಲ್ಲ, ಬರೀ ತೂತು. ಸುತ್ತಲೂ ಬಿಳಿ ಗುಂಡುಗಳು ಎದ್ದು ಅವನ ಹುಬ್ಬಿಗೆ ಹತ್ತಿಕೊಂಡವು.

"ಇದೇನು ಬೆಣ್ಣೆನಾ?" ಎಂದ ಸಿಟ್ಟಿನಿಂದ.

"ಬೆಣ್ಣೆಗಾದ್ರೂ ಚಾಕು ಹಿಡೀತಾರೆ. ನೀನು ಬೆಟ್ಟ ಒಡೆಯೋ ಸಾಮಾನು ತಂದಿದೀಯ."

"ನನಗೆ ಗೊತ್ತಿರೋದು ಇದೇ ಸಾಮಾನು, ಕ್ಲಾದೆತ್."

ಮಧ್ಯಾಹ್ನ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಡ್ವೈಟನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಡ್ವೈಟ್ ಎಲ್ವಿಯೊನ ಜೊತೆ ಶಾಲೆಗೆ ಹೋದವನು, ನಾಲಿಗೆಗೆ ಮೂಳೆಯಿಲ್ಲ.

"ಏನಪ್ಪಾ ಎಲ್ವಿಯೊ, ಬೆಟ್ಟದಲ್ಲಿ ಗ್ರಾನೈಟ್ ಮುಗೀತಾ, ಫೋಮಿಗೆ ಬಂದ್ಬಿಟ್ಟೆ?" ಎಂದ.

"ನಿನ್ನ ಕಲ್ಲಿಗೆ ಗ್ರಾನೈಟ್ ಯಾಕೆ ಹಾಳು ಮಾಡೋದು ಅಂತ, ಫೋಮಲ್ಲಿ ಕಲೀತಿದೀನಿ" ಎಂದ ಎಲ್ವಿಯೊ.

ಡ್ವೈಟ್ ನಕ್ಕು, ಥರ್ಮಾಕೋಲ್ ಬೇಡ, ಅದು ಗುಂಡುಗುಂಡಾಗಿ ಉದುರುತ್ತದೆ, ಚಳಿ ತಡೆಯಲು ಗೋಡೆಗೆ ಹೊಡೆಯುವ ಗುಲಾಬಿ ಫೋಮ್ ಹಲಗೆ ತಗೋ, ಅದರ ಮೈ ಒಂದೇ ಸಮ ಇರುತ್ತದೆ ಎಂದ. ಆಮೇಲೆ ಚಾಕು, ಕಟ್ಟರು, ಹ್ಯಾಕ್ಸಾ ಬ್ಲೇಡು, ಒರಟು ಅರ, ತಂತಿ ಬ್ರಷ್ಷು, ಒಂದೊಂದನ್ನೇ ಕೌಂಟರ್ ಮೇಲೆ ಇಡುತ್ತ ಹೋದ. ಪ್ರತಿಯೊಂದನ್ನೂ ಎಲ್ವಿಯೊ ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟ. ಇದು ಹಗುರ, ಇದರ ಹಿಡಿ ಪ್ಲಾಸ್ಟಿಕ್ಕು, ಇದು ಮದುವೆ ಕೇಕಿಗೆ ಸರಿ. ಹಿಂದೆ ಸಾಲು ನಿಂತಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ನಾನೇ ಎಲ್ಲದರಲ್ಲೂ ಒಂದೊಂದನ್ನು ಬುಟ್ಟಿಗೆ ಹಾಕಿ, ದುಡ್ಡು ಕೊಟ್ಟು, ಅವನನ್ನು ಹೊರಗೆ ಎಳೆದುಕೊಂಡು ಬಂದೆ.

ಗುಲಾಬಿ ಹಲಗೆಯ ಮೇಲೆ ಮೊದಲು ಮಾಡಿದ ತಪ್ಪು ಎಂಥದೆಂದರೆ, ಈ ಊರಿನವರು ಬಿಟ್ಟು ಭೂಮಿಯ ಮೇಲೆ ಯಾರೂ ಮಾಡಲಾರರು. ಶೆಡ್ಡಿನಲ್ಲಿ ಕಲ್ಲಿಗೆ ಅಕ್ಷರ ಹಾಕುವಾಗ ಮೊದಲು ಒಂದು ಅಂಟು ಬಳಿಯುತ್ತಾರೆ. ಅದರ ಮೇಲೆ ರಬ್ಬರಿನ ಹಾಳೆ ಕೂರಿಸಿ, ಹಾಳೆಯಲ್ಲಿ ಅಕ್ಷರ ಕತ್ತರಿಸಿ, ಆ ತೆರಪಿಗೆ ಮರಳು ಹೊಡೆಯುತ್ತಾರೆ. ಎಲ್ವಿಯೊನ ಗ್ಯಾರೇಜಿನಲ್ಲಿ ಆ ಅಂಟಿನ ಡಬ್ಬಿ ಇತ್ತು. ಯೋಚನೆಯೇ ಮಾಡಲಿಲ್ಲ. ಹಲಗೆಯನ್ನು ಗೋರಿಕಲ್ಲಿನ ಆಕಾರಕ್ಕೆ ಕುಯ್ದು, ಮೇಲ್ಭಾಗವನ್ನು ಅಂದವಾಗಿ ಗುಂಡಗೆ ಮಾಡಿ, ಉಪ್ಪುಕಾಗದದಿಂದ ಉಜ್ಜಿ, ಅಂಟು ಬಳಿದ. ಬಳಿದು ಕಾಫಿ ಕುಡಿಯಲು ಒಳಗೆ ಬಂದ.

ವಾಪಸು ಹೋಗಿ ನೋಡಿದರೆ ಹಲಗೆಯ ನಡುಭಾಗವೇ ಇರಲಿಲ್ಲ. ಅಂಟು ಫೋಮನ್ನು ತಿಂದುಹಾಕಿತ್ತು. ಅಂಚಿನ ಚೌಕಟ್ಟು ಉಳಿದಿತ್ತು, ಒಳಗೆ ಗುಲಾಬಿ ಲೋಳೆ ಬೆಂಚಿನ ಮೇಲೆ ಹರಿದಿತ್ತು. ಎಲ್ವಿಯೊ ಡಬ್ಬಿಯನ್ನು ನೋಡಿದ, ಹಲಗೆಯನ್ನು ನೋಡಿದ.

"ಜೀವನ ಪೂರ್ತಿ ಬಳಿದಿದೀನಿ ಈ ಅಂಟನ್ನ. ಒಂದು ಕಲ್ಲೂ ಕರಗಲಿಲ್ಲ" ಎಂದ.

"ಕಲ್ಲು ಕರಗಲ್ಲ ಎಲ್ವಿಯೊ. ಅದಕ್ಕೇ ಅದನ್ನ ಕಲ್ಲು ಅನ್ನೋದು."

ನಗು ಬರಬಹುದು ಎಂದುಕೊಂಡೆ. ಬರಲಿಲ್ಲ. ಅವನು ಲೋಳೆಯನ್ನು ಕೆರೆದು ತೆಗೆಯುವಾಗ ಕೈ ನಡುಗಿ ಕರಣೆ ಬೆಂಚಿಗೆ ಟಕಟಕ ಬಡಿಯುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ, ಕಸದ ಚೀಲ ತರುವ ನೆವದಲ್ಲಿ ಎದ್ದು ಹೋದೆ.

ಮುಂದಿನ ದಿನಗಳು ಹೀಗೇ. ಹೊಸ ಹಲಗೆ ಬಂತು. ಕಟ್ಟರು ಹಿಡಿದ. ಬ್ಲೇಡು ಚೂರು ಮೊಂಡಾದರೂ ಫೋಮು ಸೀಳುವ ಬದಲು ಕಿತ್ತು ಬರುತ್ತಿತ್ತು. ಬ್ಲೇಡು ಬದಲಾಯಿಸಲು ಅವನ ಬೆರಳಿಗೆ ಆಗುತ್ತಿರಲಿಲ್ಲ, ನನ್ನನ್ನು ಕರೆಯಲು ಮನಸ್ಸಿಲ್ಲ, ಮೊಂಡು ಬ್ಲೇಡಿನಲ್ಲೇ ಎಳೆದು ಎಳೆದು ಹಲಗೆ ಇಲಿ ಕಡಿದದ್ದಕ್ಕಿಂತ ಕೆಟ್ಟದಾಯಿತು. ಅರ ಹಿಡಿದ. ಅಂಚು ಸವೆಸಲು, ಹಳೇ ಕಲ್ಲಿನಂತೆ ಮೂಲೆ ಮುರಿಯಲು ಅದು ಚೆನ್ನಾಗಿಯೇ ಇತ್ತು. ಆದರೆ ಅರದಿಂದ ಅಕ್ಷರ ಬರೆಯುತ್ತಾರೆಯೇ? ತಂತಿ ಬ್ರಷ್ಷು ಮೈಯನ್ನು ಒರಟು ಮಾಡಿತು, ಅಷ್ಟೆ. ಹಲಗೆ ಕುಯ್ಯಲು ಯಾವುದೂ ಸರಿಬರದೆ ಒಂದು ಬೆಳಗ್ಗೆ ನನ್ನ ಅಡುಗೆಮನೆಗೆ ನುಗ್ಗಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟರ್ಕಿ ಕೋಳಿ ಕೊಯ್ಯುವ ಕರೆಂಟಿನ ಚಾಕು ಎತ್ತಿಕೊಂಡು ಹೋದ. ಅದು ನಮ್ಮಮ್ಮನದು. ವರ್ಷಕ್ಕೊಮ್ಮೆ ಹೊರಗೆ ಬಂದು, ತೊಳೆಸಿಕೊಂಡು, ಪೆಟ್ಟಿಗೆ ಸೇರುವ ಚಾಕು.

ಗ್ಯಾರೇಜಿನಿಂದ ಗರಗರ ಸದ್ದು ಕೇಳಿ ಓಡಿದೆ.

"ಎಲ್ವಿಯೊ, ಅದು ಅಮ್ಮನ ಚಾಕು. ಅದರಲ್ಲಿ ನಾವು ಊಟದ ಕೋಳಿ ಕೊಯ್ತೀವಿ."

"ತೊಳೆದು ಕೊಡ್ತೀನಿ."

"ಅಮ್ಮ ಇದ್ದಿದ್ರೆ ನಿನ್ನ ಮೊದಲು ಕೊಯ್ತಿದ್ರು."

"ನಿಮ್ಮಮ್ಮನಿಗೆ ನಾನು ಯಾವತ್ತು ಹಿಡಿಸಿದ್ದೆ? ಇತ್ತ ಬಾ, ನೋಡು ಇದನ್ನ."

ನೋಡಿದೆ. ಒಪ್ಪಿಕೊಳ್ಳಬೇಕು, ಆ ಚಾಕು ಗುಲಾಬಿ ಹಲಗೆಯೊಳಗೆ ಕೇಕಿನಲ್ಲಿ ಹೋದ ಹಾಗೆ ಹೋಗುತ್ತಿತ್ತು. ಅದು ತಾನೇ ಅಲುಗಾಡುವ ಯಂತ್ರ, ಅವನ ನಡುಕ ಅದರ ನಡುಕದಲ್ಲಿ ಸೇರಿ ಕಾಣದಾಗುತ್ತಿತ್ತು. ಒಂದು ಗಂಟೆಯೊಳಗೆ ಗುಂಡು ತಲೆಯದು, ಚೂಪು ತಲೆಯದು, ಶಿಲುಬೆಯ ಆಕಾರದ್ದು, ಅಷ್ಟೂ ಕಲ್ಲು ಸಿದ್ಧ. ಎಲ್ವಿಯೊನ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವು ಕಂಡಿತು. ಸೇಬಿನ ರಸದಲ್ಲಿ ಕಲಸಿ ಕರಿದ ಡೋನಟ್ಟು ತಂದಿದ್ದೆ, ಇಬ್ಬರೂ ಬೆಂಚಿಗೆ ಒರಗಿ ತಿಂದೆವು. ಅಮ್ಮನ ಚಾಕನ್ನು ಆ ಮಟ್ಟಿಗೆ ಕ್ಷಮಿಸಿದೆ.

ಆದರೆ ಆಕಾರ ಕುಯ್ದರೆ ಕಲ್ಲಾಗುವುದಿಲ್ಲ. ಅಕ್ಷರ ಬೇಕು. ಮತ್ತು ಪಂದ್ಯ ಇದ್ದದ್ದು ಅಕ್ಷರದ ಮೇಲೆ.

ಏನು ಬರೆಯುವುದು ಎಂಬುದೇ ಒಂದು ಜಗಳವಾಯಿತು. ಎದುರು ಮನೆಯ ರೋಂಡಾ ತನ್ನ ಅಂಗಳದಲ್ಲಿ ಚಾವಣಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರ ನಿಲ್ಲಿಸಿ, ಅದಕ್ಕೆ ದಿನಕ್ಕೊಂದು ಟೋಪಿ ಬದಲಾಯಿಸುವ ಹೆಂಗಸು. ಅವಳು ಬಂದು, ತಮಾಷೆ ಹೆಸರುಗಳನ್ನು ಹಾಕಿ, ಮಕ್ಕಳು ಓದಿ ನಗುತ್ತಾರೆ ಎಂದಳು. ಎಲ್ವಿಯೊ ತಲೆ ಅಲ್ಲಾಡಿಸಿದ.

"ಅಡಿಯಲ್ಲಿ ಯಾರೂ ಇಲ್ಲದೆ ನಾನು ಕಲ್ಲಿಗೆ ಹೆಸರು ಹಾಕಲ್ಲ."

"ಇದು ಕಲ್ಲಲ್ಲ, ಎಲ್ವಿಯೊ" ಎಂದಳು ರೋಂಡಾ.

"ಆದ್ರೆ ಕೈ ನಂದೇ ತಾನೆ?"

ಕೊನೆಗೆ ಒಂದು ಕಲ್ಲಿಗೆ 'ಇಲ್ಲಿ ಯಾರೂ ಇಲ್ಲ' ಎಂದೂ ಇನ್ನೊಂದಕ್ಕೆ 'ಪಕ್ಕದಲ್ಲೂ ಇಲ್ಲ' ಎಂದೂ ಬರೆಯುವುದು ಎಂದಾಯಿತು. ಸುಳ್ಳು ಹೇಳದ ಗೋರಿಕಲ್ಲು ಬೇಕಿತ್ತು ಅವನಿಗೆ, ಸಿಕ್ಕಿತು.

ಅಕ್ಷರಕ್ಕೆ ಹತಾರ ಹುಡುಕಿ ಹುಡುಕಿ ಅವನು ಅಕ್ಕನ ಹೊಲಿಗೆ ಪೆಟ್ಟಿಗೆಯ ಪಕ್ಕದಲ್ಲಿದ್ದ ಕರೆಂಟಿನ ಕಡ್ಡಿಗೆ ಬಂದ. ಮರದ ಮೇಲೆ ಸುಟ್ಟು ಹೂಬಳ್ಳಿ ಬರೆಯಲು ಅಕ್ಕ ಅದನ್ನು ಕೊಂಡಿದ್ದಳು. ಕಾದ ತುದಿ ಫೋಮಿಗೆ ತಾಗಿದರೆ ಸಾಕು, ಗೆರೆ ಕರಗಿ ಇಳಿಯುತ್ತದೆ. ಒತ್ತಬೇಕಾಗಿಲ್ಲ, ಪುಡಿ ಏಳುವುದಿಲ್ಲ, ಅಂಚು ನುಣುಪು. ಹೊಗೆ ಮಾತ್ರ ಕೆಟ್ಟದ್ದು, ಗ್ಯಾರೇಜಿನ ಬಾಗಿಲು ಎತ್ತಿಟ್ಟು ಕೋಟು ಹಾಕಿಕೊಂಡು ಕೂರಬೇಕು. ಪೆನ್ಸಿಲಿನಿಂದ ಗೆರೆ ಹಾಕಿದ್ದು ನೋಡಿದೆ. ನಡುಗುವ ಕೈಯಲ್ಲೂ ಪಟ್ಟಿ ಒತ್ತಿ ಹಿಡಿದು ಅಕ್ಷರಗಳ ನಡುವಿನ ಅಂತರವನ್ನು ಅವನು ಕಣ್ಣಲ್ಲೇ ಅಳೆದಿದ್ದ. ಇದು ಆಗುತ್ತದೆ, ಈ ಸಲ ಆಗಿಯೇ ಆಗುತ್ತದೆ ಅಂದುಕೊಂಡೆ.

ಕಡ್ಡಿ ಇಳಿಯಿತು. ಮೊದಲ ಗೆರೆಯಲ್ಲೇ ಗೊತ್ತಾಯಿತು. ತುದಿ ಎಷ್ಟು ಸಲ ನಡುಗಿತೋ ಅಷ್ಟನ್ನೂ ಫೋಮು ಬರೆದಿಟ್ಟುಕೊಂಡಿತು. ನೆಟ್ಟಗೆ ನಿಲ್ಲಬೇಕಾದ ಗೆರೆ ಎರೆಹುಳದ ಹಾಗೆ ಇಳಿಯಿತು. ತಿರುವಿನಲ್ಲಿ ಕೈ ತಡವರಿಸಿದ ಕಡೆ ತೂತು ಬಿತ್ತು. ಕೈಯ ಕೆಳಗೆ ಮರದ ಪಟ್ಟಿ ಇಟ್ಟು ಕೊಟ್ಟೆ. ಕೈ ನಿಂತಿತು, ತುದಿ ನಿಲ್ಲಲಿಲ್ಲ. ಎರಡು ಕೈಯಲ್ಲಿ ಹಿಡಿದು ನೋಡಿದ. ಉಸಿರು ಬಿಗಿಹಿಡಿದು ನೋಡಿದ. ಬೇಗ ಎಳೆದರೆ ಗೆರೆ ತಪ್ಪುತ್ತಿತ್ತು, ನಿಧಾನಕ್ಕೆ ಎಳೆದರೆ ನಡುಕ ಕಾಣುತ್ತಿತ್ತು. ಹಲಗೆಯ ಮೇಲೆ ಹಲಗೆ ಹಾಳಾಯಿತು. ನಾನು ಪ್ರತಿ ಸಲ ಇನ್ನೊಂದು ಕುಯ್ದು ಕೊಟ್ಟೆ, ಅಮ್ಮನ ಚಾಕಿನಲ್ಲೇ.

ಒಂದು ಸಂಜೆ ಅವನು ಕಡ್ಡಿಯ ವೈರು ಕಿತ್ತು ಗೋಡೆಗೆ ಎಸೆದ.

"ದರಿದ್ರದ ವಸ್ತು. ಹಿಡಿತಾನೇ ಇಲ್ಲ ಇದಕ್ಕೆ. ಒತ್ತಿದ್ರೆ ಎದುರು ಒತ್ತಲ್ಲ. ಗಾಳಿ ಮೇಲೆ ಬರೆದ ಹಾಗೆ."

ನನಗೂ ಸಾಕಾಗಿತ್ತು. ಚಳಿಯಲ್ಲಿ ಕೂತು ಬೆನ್ನು ಹಿಡಿದುಕೊಂಡಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು, ನವೆಂಬರ್ ಹತ್ತಿರ ಬಂದಿತ್ತು, ಅಕ್ಕನ ಕಲ್ಲು ಹಾಗೇ ಇತ್ತು.

"ಹಾಗಾದ್ರೆ ಶೆಡ್ಡಿಗೆ ಫೋನ್ ಮಾಡ್ತೀನಿ" ಎಂದೆ.

"ಹಬ್ಬ ಮುಗೀಲಿ."

"ಹಬ್ಬ ಮುಗೀಲಿ, ಹಿಮ ಬೀಳಲಿ, ನಾನೂ ಸಾಯಲಿ. ಎಲ್ವಿಯೊ, ಅವಳು ನಿನ್ನ ಹೆಂಡತಿ ಆಗೋಕೆ ಮುಂಚೆ ನನ್ನ ಅಕ್ಕ. ನಿನ್ನ ಜಂಬಕ್ಕೆ ಅವಳನ್ನ ಇನ್ನೆಷ್ಟು ದಿನ ಅರ್ಧಕ್ಕೆ ನಿಲ್ಲಿಸ್ತೀಯ?"

ಅವನು ಬಗ್ಗಿ, ಗೋಡೆಯ ಬುಡದಿಂದ ಕಡ್ಡಿಯನ್ನು ಎತ್ತಿಕೊಂಡು, ತುದಿ ಮುರಿದಿದೆಯೇ ಎಂದು ನೋಡಿ, ವೈರನ್ನು ಮತ್ತೆ ಸಿಕ್ಕಿಸಿದ. ಆ ರಾಗದಲ್ಲಿ ಮಾತಾಡಬಾರದಿತ್ತು ಅನ್ನಿಸಿತು, ಆದರೆ ಮಾತು ಸುಳ್ಳಾಗಿರಲಿಲ್ಲ. ನಾನು ಮನೆಗೆ ಹೋದೆ.

ಹಬ್ಬದ ದಿನಕ್ಕೆ ಕಲ್ಲುಗಳು ಸಿದ್ಧವಾದವು. ಅಕ್ಷರ ನಡುಗಿದ್ದವೇ. ಅವನು ಕೊನೆಗೆ ಹಲಗೆ ಬದಲಾಯಿಸುವುದು ಬಿಟ್ಟು, ಬಂದ ಹಾಗೆ ಬರಲಿ ಎಂದು ಮುಗಿಸಿದ್ದ. ಬಣ್ಣವನ್ನು ಮಾತ್ರ ಬಿಡಲಿಲ್ಲ. ಡಬ್ಬಿ ಒತ್ತಿ ಊದುವ ಬಣ್ಣ ಫೋಮನ್ನು ತಿನ್ನುತ್ತದೆ ಎಂದು ಡ್ವೈಟ್ ಹೇಳಿದ್ದ, ಅಂಟಿನ ಕಥೆ ಆದ ಮೇಲೆ ಅದನ್ನು ನಂಬಿದ್ದ. ನೀರಿನ ಬಣ್ಣವನ್ನೇ ಕಲಸಿ ಕಲಸಿ ನಮ್ಮ ಬೆಟ್ಟದ ಬೂದು ಬರುವ ತನಕ ನನ್ನ ಪ್ರಾಣ ತೆಗೆದ. ಇದು ಬೇರೆ ರಾಜ್ಯದ ಕಲ್ಲು, ಇದು ಚೀನಾದ ಕಲ್ಲು, ಇದು ಸಿಮೆಂಟು ಎಂದು ಒಂದೊಂದೇ ಬಟ್ಟಲು ಚೆಲ್ಲಿಸಿದ. ಕತ್ತಲಲ್ಲಿ ಮಿಠಾಯಿ ಕೇಳಲು ಬರುವ ಮಕ್ಕಳಿಗೆ ಅದು ಯಾವ ಬೆಟ್ಟದ ಬೂದು ಎಂದು ಯಾರು ನೋಡುತ್ತಾರೆ?

ಸಂಜೆ ಬಂತು. ಹುಲ್ಲಿನಲ್ಲಿ ಕಲ್ಲುಗಳನ್ನು ನೆಟ್ಟು, ಕೆಳಗಿನಿಂದ ಒಂದು ಹಸಿರು ದೀಪ ಹಾಕಿದೆವು. ನಾನು ಜಗಲಿಯಲ್ಲಿ ಚಾಕಲೇಟಿನ ಬಟ್ಟಲು ಇಟ್ಟುಕೊಂಡು ಕೂತೆ, ಎಲ್ವಿಯೊ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ. ಮಾಟಗಾತಿಯರು, ಕಡಲುಗಳ್ಳರು, ಹಾಸಿಗೆಯ ಚಾದರ ಹೊದ್ದ ದೆವ್ವಗಳು ಬೀದಿ ತುಂಬ. ನಮ್ಮ ಅಂಗಳದಲ್ಲಿ ಮಕ್ಕಳು ನಿಂತೇಬಿಟ್ಟರು. ಕೆಳಗಿನ ದೀಪಕ್ಕೆ ಆ ನಡುಗಿದ ಗೆರೆಗಳು ನಿಜವಾಗಿಯೂ ಅಲುಗಾಡುವಂತೆ ಕಾಣುತ್ತಿದ್ದವು. ಚಿಕ್ಕದೊಂದು ಅಳಲು ಶುರುಮಾಡಿತು. ಹಿಂದಿನಿಂದ ಬಂದ ಅಪ್ಪಂದಿರು ಫೋನು ತೆಗೆದು ಫೋಟೋ ಹಿಡಿದರು.

ರೋಂಡಾ ರಸ್ತೆ ದಾಟಿ ಓಡಿ ಬಂದಳು.

"ಎಲ್ವಿಯೊ, ನಮ್ಮ ಬೀದೀಲಿ ಇಷ್ಟು ವರ್ಷದಲ್ಲಿ ಯಾರೂ ಹೀಗೆ ಮಾಡಿಲ್ಲ. ಆ ಅಕ್ಷರ ನೋಡಿದ್ರೆ ಮೈ ಜುಮ್ ಅನ್ನುತ್ತೆ. ಹೆದರಿದೋರು ಯಾರೋ ಬರೆದ ಹಾಗಿದೆ. ಹೇಗೆ ಮಾಡಿದ್ರಿ? ಯಾವ ಸಾಮಾನಲ್ಲಿ ಮಾಡಿದ್ರಿ? ನನಗೂ ಕಲಿಸಿಕೊಡಿ."

ಅವಳ ತಪ್ಪಿಲ್ಲ. ಅವಳಿಗೆ ಗೊತ್ತಿರಲಿಲ್ಲ. ನಾನು ಎಲ್ವಿಯೊನ ಮುಖ ನೋಡದೆ ಚಾಕಲೇಟಿನ ಬಟ್ಟಲು ನೋಡಿದೆ.

"ಕಲಿಸೋಕೆ ಆಗಲ್ಲ ಅದು" ಎಂದು ಅವನು ಮೆಲ್ಲಗೆ ಹೇಳಿದ. ರೋಂಡಾ ಅದನ್ನು ವಿನಯ ಎಂದುಕೊಂಡು ಅವನ ಭುಜ ತಟ್ಟಿ ಹೋದಳು.

ಮಕ್ಕಳ ಸಾಲು ಕರಗಿದ ಮೇಲೆ ಅವನು ಎದ್ದು ದೀಪ ಆರಿಸಿದ.

"ನಾನು ಕೆತ್ತಿದ ನೆಟ್ಟನೆ ಅಕ್ಷರ ಬೆಟ್ಟದ ಮೇಲೆ ಇಡೀ ಸ್ಮಶಾನ ತುಂಬ ಇದೆ, ಕ್ಲಾದೆತ್. ಒಬ್ಬರೂ ನಿಂತು ಚೆನ್ನಾಗಿದೆ ಅನ್ನಲಿಲ್ಲ. ಅನ್ನಬಾರದು ಕೂಡ, ಅವರು ಬಂದಿರೋದು ಅಳೋಕೆ. ಇವತ್ತು ಹೊಗಳಿದ್ರು ನೋಡು. ನನ್ನ ರೋಗವನ್ನ ಹೊಗಳಿದ್ರು."

ಬಟ್ಟಲಿನಲ್ಲಿ ಉಳಿದ ಚಾಕಲೇಟನ್ನು ಚೀಲಕ್ಕೆ ಸುರಿದೆ.

"ನಾಳೆ ಬೆಳಗ್ಗೆ ಕಾರು ತೆಗಿ" ಎಂದ.

"ಶೆಡ್ಡಿಗಾ?"

"ಅರ್ಲೀನ್ ಹತ್ರ. ಈ ದರಿದ್ರದ ಫೋಮು ನನ್ನ ಕೊನೇ ಕೆಲಸ ಆಗೋದು ಬೇಡ."

"ಫೋಮ್ ಮೇಲೇ ನಿಲ್ಲದ ಕೈ ಕಲ್ಲಿನ ಮೇಲೆ ನಿಲ್ಲುತ್ತಾ? ನೀನೇ ಹೇಳಿದ ಮಾತು, ನಿಲ್ಲದಿದ್ರೆ ಫೋನ್ ಮಾಡು ಅಂತ."

"ಹೇಳಿದ್ದೆ. ತಪ್ಪು ಹೇಳಿದ್ದೆ" ಎಂದು ಒಳಗೆ ಹೋದ.

ಮಾರನೆಯ ದಿನ ಪುಣ್ಯಕ್ಕೆ ಬಿಸಿಲಿತ್ತು. ಸ್ಮಶಾನದಲ್ಲಿ ಮೇಪಲ್ ಎಲೆ ಮೊಣಕಾಲವರೆಗೆ ಬಿದ್ದಿತ್ತು. ಅವನು ಕಲ್ಲಿನ ಮುಂದೆ ಒಂದು ಮಡಚಿದ ಕಂಬಳಿ ಹಾಕಿಕೊಂಡು ಕೂತು, ಪೆನ್ಸಿಲಿನಲ್ಲಿ ನಾಲ್ಕು ಅಂಕಿ ಬರೆದ. ಬರೆಯುವಾಗ ಕೈ ಎಷ್ಟು ನಡುಗಿತೆಂದರೆ ನಾನು ಬಾಯಿಗೆ ಕರ್ಚೀಫು ಒತ್ತಿಕೊಂಡೆ. ಅವನು ಇಲ್ಲಿ ಸೋತರೆ ಅದು ಹಲಗೆಯಲ್ಲ, ಇನ್ನೊಂದು ಕುಯ್ದು ಕೊಡಲು ನನ್ನಿಂದ ಆಗುವುದಿಲ್ಲ. ನನ್ನ ಅಕ್ಕನ ಹೆಸರಿನ ಪಕ್ಕ ಅದು ಶಾಶ್ವತವಾಗಿ ಇರುತ್ತದೆ. ನಿಲ್ಲಿಸು, ಫೋನ್ ಮಾಡುತ್ತೇನೆ ಎಂದು ಹೇಳಲು ಎರಡು ಹೆಜ್ಜೆ ಮುಂದೆ ಬಂದೆ.

ಅಷ್ಟರಲ್ಲಿ ಅವನು ಚಾಣ ಇಟ್ಟು, ಎಡಗೈಯ ಮುಷ್ಟಿಯನ್ನು ಕಲ್ಲಿಗೆ ಒತ್ತಿ, ಸುತ್ತಿಗೆ ಎತ್ತಿದ. ಏಟು ಬಿತ್ತು. ಇನ್ನೊಂದು ಬಿತ್ತು. ಸಣ್ಣ ಸಣ್ಣ ಏಟು, ಒಂದೇ ಸಮ. ಕಲ್ಲು ಚಾಣವನ್ನು ಹಿಂದಕ್ಕೆ ಒತ್ತುತ್ತಿತ್ತು, ಅವನು ಮುಂದಕ್ಕೆ ಒತ್ತುತ್ತಿದ್ದ. ಆ ಎರಡರ ನಡುವೆ ನಡುಗಲು ಜಾಗ ಇರಲಿಲ್ಲ.

"ನೋಡು" ಎಂದ, ತಲೆ ಎತ್ತದೆ. "ಇದು ಕೈ ಹಿಡ್ಕೊಳ್ಳುತ್ತೆ."

ಎರಡು ಬಂತು, ಸೊನ್ನೆ ಬಂತು, ಮತ್ತೆ ಎರಡು ಬಂತು. ಅವನ ಹಳೆಯ ಅಂಕಿಗಳೇ, ಹುಟ್ಟಿದ ವರ್ಷದ ಪಕ್ಕದಲ್ಲಿ ಇಟ್ಟರೆ ಒಂದೇ ದಿನ ಕೆತ್ತಿದ್ದು ಅನ್ನಬೇಕು. ಕೊನೆಯ ಅಂಕಿಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಅವನಿಗೆ ದಣಿವಾಗಿತ್ತು. ಮುಷ್ಟಿ ಒಂದು ಗಳಿಗೆ ಸಡಿಲವಾಯಿತು. ಚಾಣ ಜಾರಿತು. ಅಂಕಿಯ ಕೊನೆಯ ಗೆರೆ ಬಲಕ್ಕೆ ವಾಲಿ ನಿಂತಿತು.

ಅವನು ಸುತ್ತಿಗೆ ಕೆಳಗಿಟ್ಟ. ಬೆರಳಿನಿಂದ ಆ ಗೆರೆ ಮುಟ್ಟಿದ. ತನ್ನ ಮನೆಮಾತಾದ ಇಟಾಲಿಯನ್ನಿನಲ್ಲಿ ಒಂದು ಮಾತು ಬೈದ, ನಮ್ಮಮ್ಮ ಅವನನ್ನು ಮೆಚ್ಚದಿದ್ದದ್ದು ಅಂಥ ಮಾತುಗಳಿಗೇ.

"ಉಜ್ಜಿ ತೆಗೀತೀನಿ."

"ಉಜ್ಜಿದ್ರೆ ಹಳ್ಳ ಬೀಳುತ್ತೆ. ಬಿಡು."

"ವಾಲಿದೆ, ಕ್ಲಾದೆತ್. ಕಣ್ಣಿಲ್ವಾ ನಿನಗೆ? ಇಲ್ಲೀವರೆಗೆ ಬಂದು ಕೊನೇದು ಹೀಗಾಯ್ತಲ್ಲ. ಊರೋರೆಲ್ಲ ನೋಡ್ತಾರೆ."

ನಾನು ಊರವರನ್ನು ಯೋಚಿಸುತ್ತಿರಲಿಲ್ಲ. ಆ ಅಂಕಿ ವಾಲಿದ್ದೂ ನನ್ನ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. ನನಗೆ ಕಂಡದ್ದು ಅಡ್ಡಗೆರೆಯ ಆಚೆಗೆ ಈಗ ಜಾಗ ಇಲ್ಲ ಎಂಬುದು. ಮೇ ತಿಂಗಳಿಂದ ಜಗಳವಾಡಿ, ಪೀಡಿಸಿ, ಇದನ್ನು ಕೆತ್ತಿಸಲು ನಾನು ಅವನ ಬೆನ್ನು ಬಿದ್ದಿದ್ದೆ. ಖಾಲಿ ಇರುವಾಗ ಸಿಟ್ಟಾದರೂ ಆಗಬಹುದಿತ್ತು. ಈಗ ಯಾರ ಮೇಲೆ ಸಿಟ್ಟಾಗಲಿ? ಅಕ್ಕ ಸತ್ತುಹೋಗಿದ್ದಳು. ಕಲ್ಲೇ ಹೇಳುತ್ತಿತ್ತು.

"ಅರ್ಲೀನ್ ನೋಡಿದ್ರೆ ನಗ್ತಿದ್ಲು" ಎಂದ ಎಲ್ವಿಯೊ.

"ನಗ್ತಿರಲಿಲ್ಲ" ಎಂದೆ. "ಬೈತಿದ್ಲು."

"ಬೈದಿದ್ರೂ ಸಾಕಿತ್ತು."

ನಾನು ಅವನ ಪಕ್ಕ ಎಲೆಯ ಮೇಲೆ ಕೂತು ಅತ್ತೆ. ಎಲ್ವಿಯೊ ಅಂಕಿಗಳೊಳಗೆ ಉಳಿದಿದ್ದ ಕಲ್ಲಿನ ಪುಡಿಯನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಕೈ ಮತ್ತೆ ನಡುಗಲು ಶುರುಮಾಡಿತ್ತು.